ಬ್ಯಾಟರಿ ಚೈನ್ ಸಾ: ವೋಲ್ಟ್ ಒಂದೇ ನೋಡಿ ಕೊಳ್ಳಬೇಡಿ

ಉಕ್ಕಡಗಾತ್ರಿ ಹತ್ರ ತುಂಗಭದ್ರೆ ತುಂಬಿ ಇಳಿದ ಮೇಲೆ ದಡದ ತೋಟದಲ್ಲಿ ಉಳಿಯೋ ಕೆಲಸ ಗೊತ್ತಲ್ಲ: ಉರುಳಿದ ತೆಂಗು, ಬದುವಿಗೆ ಬಿದ್ದ ಹೊಂಗೆ ಕೊಂಬೆ. ಇಷ್ಟಕ್ಕೆ ಬ್ಯಾಟರಿ ಚೈನ್ ಸಾ ಸಾಕು. ದಿನವಿಡೀ ದಿಮ್ಮಿ ಕೊಯ್ಯೋರಿಗೆ ಪೆಟ್ರೋಲ್ ಮಿಷನ್ನೇ ಸರಿ.

ಅಂಗಡೀಲಿ ಬರೀ ವೋಲ್ಟ್ ಹೇಳ್ತಾರೆ. ಆಂಪಿಯರ್-ಅವರ್ ಕೂಡ ಕೇಳಿ, ಎರಡನ್ನೂ ಗುಣಿಸಿ. 36 ವೋಲ್ಟ್, 4 ಆಂಪಿಯರ್-ಅವರ್ ಅಂದ್ರೆ 144 ವಾಟ್-ಅವರ್. 21 ವೋಲ್ಟ್, 2 ಆಂಪಿಯರ್-ಅವರ್ ಆದ್ರೆ ಬರೀ 42. ಅದು ರೆಂಬೆ ಸವರೋಕಷ್ಟೇ.

"ಬ್ಯಾಟರಿದು, ಆಯಿಲ್ ಬೇಡ" ಅಂದ್ರೆ ನಂಬಬೇಡಿ, ಚೈನಿಗೆ ಬೇಕೇ ಬೇಕು. ಸುಟ್ಟ ಎಂಜಿನ್ ಆಯಿಲ್ ಮಾತ್ರ ಹಾಕಬೇಡಿ, ಅದು ಚಿಮ್ಮೋದು ನಿಮ್ಮ ಮಣ್ಣಿಗೇ. ಹೊಳೆ ನೀರು ನಿಂತ ಮರದ ತೊಗಟೇಲಿ ಮರಳು ಕೂತಿರುತ್ತೆ. ಮೊದಲು ಉಜ್ಜಿ ತೊಳೆಯಿರಿ, ಇಲ್ಲಾಂದ್ರೆ ಚೈನಿನ ಹಲ್ಲು ಬೇಗ ಮೊಂಡಾಗುತ್ತೆ.

ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದ್ರೆ ಮಿಷನ್ ಮುಖದ ಕಡೆಗೇ ಜಿಗಿಯುತ್ತೆ. ಚೈನ್ ಬ್ರೇಕ್ ಇಲ್ಲದ್ದನ್ನ ಎಷ್ಟೇ ಅಗ್ಗ ಇದ್ರೂ ಬಿಡಿ. ಚೈನ್ ಬಿಗಿ ಮಾಡೋ ಮುಂಚೆ, ಅರ ಹಾಕೋ ಮುಂಚೆ ಬ್ಯಾಟರಿ ಕಳಚಿಡಿ.

ಒರಗಿ ನಿಂತ ತೆಂಗನ್ನ ಮಾತ್ರ ನಾನು ಮುಟ್ಟಲ್ಲ. ಪಳಗಿದ ಮರ ಕಡಿಯೋರನ್ನ ಕರೆಸ್ತೀನಿ. ಬಿದ್ದ ಮೇಲೆ ತುಂಡು ಮಾಡೋದು ನನ್ನ ಪಾಲು.