ಗೋದಾವರಿಯ ಕದಡಿದ ನೀರಿನಲ್ಲಿ ಕ್ಯಾಮೆರಾ

ಕನ್ನಡನಾಡಿನ ಉತ್ತರದ ಎಲ್ಲೆಯನ್ನು ಕವಿರಾಜಮಾರ್ಗವು ಗೋದಾವರಿಯವರೆಗೆ ಕೊಂಡೊಯ್ದು ನಿಲ್ಲಿಸಿದ ಕಾಲದಿಂದಲೂ ಈ ನದಿಯ ಹೆಸರು ನಮ್ಮವರ ಕಿವಿಗೆ ಪರಕೀಯವಾದುದಲ್ಲ. ರಾಷ್ಟ್ರಕೂಟರು ಕೈಲಾಸದೇಗುಲವನ್ನು ಕೊರೆಯಿಸಿದ ಎಲ್ಲೋರವು ಇಂದಿನ ಛತ್ರಪತಿ ಸಂಭಾಜಿನಗರಕ್ಕೆ ಸಮೀಪದಲ್ಲಿಯೇ ಇರುವುದು. ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ ಉದಯಿಸಿ, ನಾಸಿಕದ ರಾಮಕುಂಡವನ್ನು ಹಾದು, 1965ರಲ್ಲಿ ಶಂಕುಸ್ಥಾಪನೆಗೊಂಡು 1976ರಲ್ಲಿ ಉದ್ಘಾಟನೆಯಾದ ಜಾಯಕವಾಡಿ ಅಣೆಕಟ್ಟಿನ ಹಿಂದೆ, ಪೈಠಣದ ಬಳಿ, ನಾಥಸಾಗರವೆಂಬ ವಿಶಾಲ ಜಲರಾಶಿಯಾಗಿ ಹರಡಿಕೊಳ್ಳುವ ಈ ನದಿಯ ತೀರದಲ್ಲಿ ಉದ್ಯೋಗನಿಮಿತ್ತವಾಗಿ ನೆಲೆಸಿದ ಕನ್ನಡ ತರುಣನೊಬ್ಬನಿಗೆ ನೀರೊಳಗಿನ ಛಾಯಾಗ್ರಹಣದ ಅಭಿಲಾಷೆ ಹುಟ್ಟಿತೆನ್ನಿ. ಕಡಲು ದೂರ, ನದಿಯ ನೀರು ಕದಡು. ಆದಕಾರಣ ಈ ವಿದ್ಯೆ ತನಗೆ ಒದಗಿದ್ದಲ್ಲವೆಂದು ಅವನು ಕೈಬಿಟ್ಟರೆ ಅದು ದೊಡ್ಡ ನಷ್ಟ. ಈ ಕಲೆಯ ಮೂಲಸೂತ್ರವನ್ನು ಕದಡಿದ ನೀರು ಕಲಿಸುವಷ್ಟು ಬೇಗ ಸ್ಫಟಿಕದಂತಹ ಕಡಲು ಕಲಿಸಲಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆ ಸೂತ್ರವಾದರೂ ಇಷ್ಟೆ: ಮಸೂರಕ್ಕೂ ವಸ್ತುವಿಗೂ ನಡುವೆ ಇರುವ ನೀರನ್ನು ಸಾಧ್ಯವಾದಷ್ಟು ಕಡಿಮೆ ಮಾಡಬೇಕು. ನೀರು ಬೆಳಕನ್ನು ಹೀರುತ್ತದೆ, ಚದರಿಸುತ್ತದೆ, ಬಾಗಿಸುತ್ತದೆ. ಈ ವಿದ್ಯೆಯ ಚರಿತ್ರೆಯೆಲ್ಲ ಈ ಮೂರರೊಡನೆ ಮನುಷ್ಯನು ನಡೆಸಿದ ಸೆಣಸಾಟವೇ. ಫ್ರಾನ್ಸಿನ ಜೀವವಿಜ್ಞಾನಿ ಲೂಯಿ ಬೂತಾನ್ 1893ರಲ್ಲಿ ಬನ್ಯೂಲ್ಸ್ ಎಂಬ ಮೆಡಿಟರೇನಿಯನ್ ಕರಾವಳಿಯ ಊರಿನಲ್ಲಿ ಕ್ಯಾಮೆರಾವನ್ನು ಲೋಹದ ಪೆಟ್ಟಿಗೆಯಲ್ಲಿ ಮುಚ್ಚಿ ಸಮುದ್ರತಳಕ್ಕೆ ಇಳಿಸಿದಾಗ, ಬೆಳಕಿನ ಅಭಾವದಿಂದ ಒಂದೊಂದು ಚಿತ್ರಕ್ಕೆ ಅರ್ಧ ಗಂಟೆಯವರೆಗೂ ಕಾಯಬೇಕಾಗುತ್ತಿತ್ತು. 1926ರಲ್ಲಿ ವಿಲಿಯಂ ಲಾಂಗ್ಲಿ ಮತ್ತು ಚಾರ್ಲ್ಸ್ ಮಾರ್ಟಿನ್ ಫ್ಲಾರಿಡಾದ ಬಳಿಯ ಕಡಲಿನಲ್ಲಿ ಮೀನೊಂದನ್ನು ವರ್ಣಚಿತ್ರದಲ್ಲಿ ಸೆರೆಹಿಡಿದರಷ್ಟೆ. ಅದಕ್ಕಾಗಿ ತೆಪ್ಪದ ಮೇಲೆ ಮೆಗ್ನೀಸಿಯಂ ಪುಡಿಯನ್ನು ಸ್ಫೋಟಿಸಿ ಬೆಳಕನ್ನು ಸೃಷ್ಟಿಸಬೇಕಾಯಿತು. ಇಂದು ಅಂಗೈಯಗಲದ ಫ್ಲ್ಯಾಷ್ ಆ ಕಾರ್ಯವನ್ನು ನಿಮಿಷಾರ್ಧದಲ್ಲಿ ಹತ್ತು ಸಲ ಮಾಡೀತು. ಆದರೆ ನೀರು ಅಂದಿನಂತೆಯೇ ಉಳಿದಿದೆ.

ದಖ್ಖಣದ ಕರಿಮಣ್ಣಿನ ಕಣ ಅತಿಸೂಕ್ಷ್ಮವಾದುದು. ಮಳೆಗಾಲದಲ್ಲಿ ಕೊಚ್ಚಿಬಂದ ಆ ಕಣಗಳು ತಳಕ್ಕಿಳಿಯದೆ ಬಹುಕಾಲ ತೇಲುತ್ತಲೇ ಇರುವುವು. ಇಂತಹ ನೀರಿನಲ್ಲಿ ಕ್ಯಾಮೆರಾದ ಮೈಗಂಟಿದ ಫ್ಲ್ಯಾಷನ್ನು ಹೊತ್ತಿಸಿದರೆ, ಶ್ರಾವಣದ ಮಂಜಿನಲ್ಲಿ ತ್ರ್ಯಂಬಕದ ದಾರಿಯಲ್ಲಿ ಮೋಟಾರಿನ ದೊಡ್ಡ ದೀಪವನ್ನು ಹಾಕಿದಾಗ ಎದುರಿಗೆ ಬಿಳಿಯ ಗೋಡೆಯೊಂದು ಎದ್ದು ನಿಲ್ಲುವಂತೆ, ಪ್ರತಿಯೊಂದು ಕಣವೂ ಬೆಳಕನ್ನು ನೇರವಾಗಿ ಮಸೂರಕ್ಕೆ ಹಿಂದಿರುಗಿಸಿ ಚಿತ್ರದ ತುಂಬ ಬಿಳಿಯ ಚುಕ್ಕೆಗಳನ್ನು ಸುರಿಯುತ್ತದೆ. ಇದಕ್ಕೆ ಪರಿಹಾರ ಎರಡು. ಫ್ಲ್ಯಾಷನ್ನು ತೋಳಿನಂತಹ ಸಲಾಕೆಯ ತುದಿಗೆ ಕಟ್ಟಿ ಪಕ್ಕಕ್ಕೆ ದೂರವಿಟ್ಟು, ಅದರ ಬೆಳಕಿನ ಅಂಚು ಮಾತ್ರ ವಸ್ತುವನ್ನು ಸೋಕುವಂತೆ ಹೊರಮುಖವಾಗಿ ತಿರುಗಿಸುವುದು ಒಂದು. ಇನ್ನೂ ಹತ್ತಿರಕ್ಕೆ ಹೋಗುವುದು ಮತ್ತೊಂದು. ಎರಡನೆಯದೇ ಮೇಲಾದುದು. ಕಾರ್ತಿಕ ಕಳೆದ ಮೇಲೆ ಮಣ್ಣು ಒಂದಷ್ಟು ಇಳಿದು ನೀರು ತಿಳಿಯಾಗುವುದಾದರೂ, ಆಗಲೂ ಒಂದು ಮೊಳಕ್ಕಿಂತ ದೂರದಿಂದ ತೆಗೆದ ಚಿತ್ರದಲ್ಲಿ ಹೊಳಪು ಉಳಿಯುವುದು ಅಪರೂಪ.

ಬಣ್ಣದ ವಿಷಯ ಇದಕ್ಕಿಂತ ಕುತೂಹಲಕರ. ಶುದ್ಧಜಲವು ಕೆಂಪನ್ನು ಮೊದಲು ಹೀರಿಬಿಡುತ್ತದೆ. ತಿಳಿಯಾದ ಕಡಲಿನಲ್ಲಿಯೂ 5 ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಹುಮಟ್ಟಿಗೆ ಕಳೆದುಹೋಗಿ, ಆಮೇಲೆ ಕಿತ್ತಳೆ, ಹಳದಿಗಳು ಕ್ರಮವಾಗಿ ಮಾಯವಾಗಿ, ಕಡೆಗೆ ನೀಲಿಯೊಂದೇ ಉಳಿಯುತ್ತದೆ. ನಮ್ಮ ಒಳನಾಡಿನ ಜಲಾಶಯಗಳಲ್ಲಿ ಹಾಗಲ್ಲ. ಕೊಳೆತ ಎಲೆಗಳಿಂದ ಕರಗಿಬಂದ ಸಾವಯವ ದ್ರವ್ಯವೂ ಪಾಚಿಯ ಹರಿತ್ತೂ ನೀಲಿಯನ್ನು ನುಂಗಿದರೆ, ನೀರು ತಾನೇ ಕೆಂಪನ್ನು ನುಂಗುವುದು. ಎರಡು ಕಡೆಯಿಂದಲೂ ಕತ್ತರಿಸಲ್ಪಟ್ಟು ಮಿಕ್ಕ ಬೆಳಕೇ ಗೋದಾವರಿಯ ಹಸುರು. ಆದುದರಿಂದಲೇ ಕಡಲಿಗೆಂದು ಮಾರುವ ಕೆಂಪು ಶೋಧಕ ಇಲ್ಲಿ ಪ್ರಯೋಜನಕ್ಕೆ ಬಾರದು; ಹಸುರುನೀರಿಗೆ ಮೆಜೆಂಟಾ ವರ್ಣದ ಶೋಧಕವೇ ಬೇಕು. ಫ್ಲ್ಯಾಷ್ ಬಳಸುವವನು ಇನ್ನೊಂದನ್ನು ನೆನಪಿನಲ್ಲಿಡತಕ್ಕದ್ದು: ಬೆಳಕು ವಸ್ತುವಿಗೆ ಹೋಗಿ ಹಿಂದಿರುಗಬೇಕಾದ್ದರಿಂದ, ಅರ್ಧ ಮೀಟರ್ ದೂರದ ಮೀನಿಗೆ ಅದು ಸವೆಸುವ ನೀರಿನ ಹಾದಿ ಒಂದು ಮೀಟರ್.

ಇನ್ನು ಯಂತ್ರ. ಜಲನಿರೋಧಕ ಕೋಶದ ಮುಂಭಾಗದ ಗಾಜು ಚಪ್ಪಟೆಯಾಗಿದ್ದರೆ, ನೀರಿನ ವಕ್ರೀಭವನಾಂಕ ಸುಮಾರು 1.33 ಆಗಿರುವುದರಿಂದ, ವಸ್ತುವು ನಿಜವಾದ ದೂರದ ಮುಕ್ಕಾಲರಷ್ಟು ದೂರದಲ್ಲಿರುವಂತೆ ತೋರುತ್ತದೆ. ಗಾಳಿಯಲ್ಲಿ 84 ಡಿಗ್ರಿ ನೋಡುವ ಮಸೂರ ನೀರಿನಲ್ಲಿ 60 ಡಿಗ್ರಿಗೆ ಕುಗ್ಗುತ್ತದೆ. ಸಣ್ಣ ಜೀವಿಗಳಿಗೆ ಇದು ಅನುಕೂಲವೇ. ವಿಶಾಲದೃಷ್ಟಿ ಬೇಕಾದರೆ ಅರ್ಧಗೋಲಾಕಾರದ ಗಾಜನ್ನು ಬಳಸುವರು. ಅದು ಕಳೆದ ಕೋನವನ್ನು ಹಿಂದಕ್ಕೆ ಕೊಡುವುದಾದರೂ, ದೂರದ ದೃಶ್ಯವನ್ನೆಲ್ಲ ತನ್ನ ತ್ರಿಜ್ಯದ ಸುಮಾರು ಮೂರರಷ್ಟು ದೂರದಲ್ಲಿ ಮಿಥ್ಯಾಬಿಂಬವಾಗಿ ನಿಲ್ಲಿಸುವುದರಿಂದ, ಹತ್ತಿರಕ್ಕೆ ನಾಭೀಕರಿಸಬಲ್ಲ ಮಸೂರವಿಲ್ಲದಿದ್ದರೆ ಚಿತ್ರ ಮಸುಕಾಗುವುದು. ಕೋಶದ ಪ್ರಾಣವಿರುವುದು ಮಾತ್ರ ಓ-ರಿಂಗ್ ಎಂಬ ರಬ್ಬರಿನ ಸಣ್ಣ ಬಳೆಯಲ್ಲಿ. ಆಳಕ್ಕಿಳಿದಂತೆ ನೀರಿನ ಒತ್ತಡ ಆ ಬಳೆಯನ್ನು ಅದರ ತೋಡಿನೊಳಕ್ಕೆ ಅದುಮಿ ಭದ್ರಪಡಿಸುತ್ತದೆ. ಆದಕಾರಣ ಅನೇಕ ಅಪಘಾತಗಳು ನಡೆಯುವುದು ಮೇಲ್ಮೈಯ ಬಳಿಯೇ. ಅಡ್ಡಬಿದ್ದ ಒಂದು ತಲೆಗೂದಲು ಸಾಕು ನೀರು ಒಳನುಗ್ಗುವುದಕ್ಕೆ. ಬಳೆಯನ್ನು ಬೆರಳಿನಿಂದ ತಡಕಿ ನೋಡಿ, ತಯಾರಕರು ಹೇಳಿದ ಮೇಣವನ್ನು ಹೊಳಪು ಬರುವಷ್ಟು ಮಾತ್ರ ತೆಳ್ಳಗೆ ಸವರಿ, ಕ್ಯಾಮೆರಾವಿಲ್ಲದ ಖಾಲಿ ಕೋಶವನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಪರೀಕ್ಷಿಸಿದ ನಂತರವೇ ಮುಂದಿನ ಕೆಲಸ.

ಮೊದಲ ಪಾಠ ಈಜುಕೊಳದಲ್ಲಿಯೇ ಆಗಬೇಕು; ಅಲ್ಲಿ ನಿಶ್ಚಲವಾಗಿ ತೇಲುವುದನ್ನು ಕಲಿಯದವನು ನದಿಯಲ್ಲಿ ಕಾಲಾಡಿಸಿ ತಳದ ಹೂಳನ್ನೆಬ್ಬಿಸುವುದನ್ನು ಬಿಟ್ಟು ಬೇರೇನನ್ನೂ ಸಾಧಿಸಲಾರನು. ಎರಡನೆಯ ಪಾಠಕ್ಕೆ ನಾನು ಸೂಚಿಸುವ ಜೀವಿ ಗೋದಾವರಿಯ ಕಪ್ಪೆಚಿಪ್ಪು, ಶಾಸ್ತ್ರಜ್ಞರು ಲ್ಯಾಮೆಲಿಡೆನ್ಸ್ ಎನ್ನುವ ಜಾತಿ. ಅದು ಓಡಿಹೋಗದು. ಮುಂಭಾಗವನ್ನು ಮರಳಿನಲ್ಲಿ ಹೂತು, ಹಿಂತುದಿಯನ್ನು ಮಾತ್ರ ಹೊರಗಿಟ್ಟು, ಚಿಪ್ಪನ್ನು ಕೂದಲೆಳೆಯಷ್ಟು ತೆರೆದು ಕುಳಿತಿರುತ್ತದೆ. ಆ ಬಿರುಕಿನಲ್ಲಿ ಕುಸುರಿನಂಚಿನ ಬಾಯೊಂದರಿಂದ ನೀರನ್ನು ಒಳಗೆಳೆದು, ಕಿವಿರುಗಳಲ್ಲಿ ಪಾಚಿಕಣಗಳನ್ನು ಸೋಸಿಕೊಂಡು, ಅದರ ಮೇಲಿನ ನಯವಾದ ಬಾಯಿಂದ ಹೊರಬಿಡುವುದು. ಬೇಡವಾದ ಮಣ್ಣನ್ನು ಲೋಳೆಯಲ್ಲಿ ಉಂಡೆಗಟ್ಟಿ ಕೆಳಗುದುರಿಸುವುದು. ಛಾಯಾಗ್ರಾಹಕನಿಗೆ ಅಡ್ಡಿಯಾದ ಕದಡನ್ನೇ ಈ ಮೂಕಪ್ರಾಣಿ ಹಗಲಿರುಳೂ ತಿಳಿಗೊಳಿಸುತ್ತಿರುವುದನ್ನು ಕಂಡಾಗ ಅದರ ಮೇಲೆ ಗೌರವ ಹುಟ್ಟದಿರದು. ನೀರು ಅಲುಗಿದೊಡನೆ ಚಿಪ್ಪು ಮುಚ್ಚಿಕೊಳ್ಳುವುದು. ಮತ್ತೆ ತೆರೆಯುವವರೆಗೆ ಕೈಕಾಲು ಮಿಸುಕದೆ ಕಾಯುವುದೇ ಅಭ್ಯಾಸ. ತೆರೆದ ಆ ಕುಸುರಂಚಿನ ಮೇಲೆ ಪಕ್ಕದಿಂದ ಬೆಳಕು ಬಿದ್ದ ಚಿತ್ರವೊಂದು ದೊರೆತರೆ, ಕಲಿತದ್ದು ಕೈಗೂಡಿತೆಂದು ತಿಳಿಯಬಹುದು.

ಅಪಾಯಗಳನ್ನು ಹೇಳದೆ ಬಿಡಲಾಗದು. ನಾಸಿಕದ ದ್ರಾಕ್ಷಿತೋಟಗಳಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡಗಳ ನೀರು ತಿಳಿಯಾಗಿ ಕಂಡರೂ ಅವುಗಳಿಗೆ ಇಳಿಯಲೇಬಾರದು. ಪಾಚಿಗಟ್ಟಿದ ಆ ಇಳಿಜಾರಿನಲ್ಲಿ ಬಿದ್ದವನು ಹಿಡಿತ ಸಿಗದೆ ಮೇಲೇರಲಾರನು. ನಾಥಸಾಗರವು ಪಕ್ಷಿಧಾಮವೂ ಛತ್ರಪತಿ ಸಂಭಾಜಿನಗರದ ಕುಡಿಯುವ ನೀರಿನ ಆಸರೆಯೂ ಆಗಿರುವುದರಿಂದ ಅನುಮತಿಯಿಲ್ಲದೆ ಅಲ್ಲಿ ಪ್ರವೇಶಿಸತಕ್ಕದ್ದಲ್ಲ. ಉಸಿರಾಟದ ಸಿಲಿಂಡರು ಕಟ್ಟಿ ಮುಳುಗುವವರು ಗಮನಿಸಬೇಕಾದ ಮತ್ತೊಂದು ಸಂಗತಿ ಎತ್ತರ. ತುಂಬಿದ ನಾಥಸಾಗರದ ನೀರಿನ ಮಟ್ಟ ಸಮುದ್ರಕ್ಕಿಂತ ಸುಮಾರು 464 ಮೀಟರ್, ನಾಸಿಕ ನಗರ ಇನ್ನೂ ಎತ್ತರ. ಮೇಲೆ ಬಂದಾಗ ವಾಯುಭಾರ ಕಡಿಮೆಯಿರುವುದರಿಂದ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಗಟ್ಟುವ ಸಂಭವ ಹೆಚ್ಚು. 300 ಮೀಟರಿಗಿಂತ ಮೇಲಿನ ನೀರಿಗೆ ಸಮುದ್ರಮಟ್ಟಕ್ಕೆಂದು ಮುಳುಗುವ ಆಳ, ಅವಧಿಗಳನ್ನು ಗೊತ್ತುಪಡಿಸಿದ ಕೋಷ್ಟಕಗಳನ್ನು ಹಾಗೆಯೇ ಅನ್ವಯಿಸಬಾರದೆಂದು ಮುಳುಗುವಿದ್ಯೆಯ ಶಿಕ್ಷಕರು ವಿಧಿಸಿರುವುದು ಈ ಕಾರಣದಿಂದಲೇ. ಯಾವ ನೀರಿಗಾದರೂ ಒಬ್ಬಂಟಿಯಾಗಿ ಇಳಿಯಬಾರದು.

ಇಷ್ಟಾದ ಮೇಲೆ ಮುರುಡೇಶ್ವರದ ಆಚೆಗಿನ ನೇತ್ರಾಣಿ ದ್ವೀಪಕ್ಕೆ ಹೋಗಬಹುದು. ಅಲ್ಲಿ ನೀಲಿನೀರಿಗೆ ಕೆಂಪು ಶೋಧಕವನ್ನು ಹಾಕಿಕೊಳ್ಳಬೇಕು. ಉಪ್ಪುನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಸಾಂದ್ರವಾದುದರಿಂದ, ಸಲಕರಣೆ ಸೇರಿ 80 ಕಿಲೋ ತೂಗುವವನು ಸೊಂಟದ ಪಟ್ಟಿಗೆ ಸುಮಾರು 2 ಕಿಲೋ ಸೀಸವನ್ನು ಹೆಚ್ಚಾಗಿ ಕಟ್ಟಿಕೊಳ್ಳಬೇಕು.