ಒಂದು ಬ್ಯಾಸ್ಕೆಟ್ ಅಂತರ, ಹದಿನೇಳು ವರ್ಷದ ಆಟ

ರಾಮನಗರದಲ್ಲಿ ರೈಲು ಹತ್ತಿದರೆ ಬೆಂಗಳೂರು ಸುಮಾರು ಒಂದು ಗಂಟೆ ದಾರಿ. ಅಲ್ಲಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ 2017ರ ಜುಲೈನಲ್ಲಿ ಮಹಿಳಾ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲ್, ಬಿ ಡಿವಿಷನ್ ಫೈನಲ್ ನಡೆಯಿತು. ಭಾರತ 75, ಕಜಕಿಸ್ತಾನ 73. ಒಂದೇ ಒಂದು ಬ್ಯಾಸ್ಕೆಟ್ ಅಂತರ! ನಮ್ಮ ಹುಡುಗಿಯರು ಎ ಡಿವಿಷನ್‌ಗೆ ಏರಿದರು.

ಆ ತಂಡದಲ್ಲಿ ನಮ್ಮ ಕರ್ನಾಟಕದ ನವನೀತಾ ಇದ್ದರು. ಜೊತೆಗೆ ಚೆನ್ನೈನ ಅನಿತಾ ಪಾಲ್‌ದುರೈ.

ಅನಿತಾ ಭಾರತಕ್ಕಾಗಿ ಆಡಿದ್ದು 2000ದಿಂದ 2017ರವರೆಗೆ. ಹತ್ತೊಂಬತ್ತಕ್ಕೇ ನಾಯಕಿ. ಸತತ 9 ಏಷ್ಯನ್ ಚಾಂಪಿಯನ್‌ಷಿಪ್‌ಗಳಲ್ಲಿ ಆಡಿದರು! ನನಗೆ ಇದಕ್ಕಿಂತ ದೊಡ್ಡದಾಗಿ ಕಾಣೋದು ಇನ್ನೊಂದು: ತಾಯಿಯಾದ ಮೇಲೂ ಅಂಕಣಕ್ಕೆ ಮರಳಿದರು. ಮಗುವಾದ ಮೇಲೆ ಮೈ ಹದಕ್ಕೆ ತಂದುಕೊಂಡು, ತನಗಿಂತ ಎಷ್ಟೋ ಚಿಕ್ಕವರ ಜೊತೆ ಓಡೋದು, ಜಿಗಿಯೋದು ಹುಡುಗಾಟವಲ್ಲ. 2021ರಲ್ಲಿ ಪದ್ಮಶ್ರೀ ಬಂತು. ಇನ್ನೂ ಮೊದಲೇ ಬರಬೇಕಿತ್ತು.

ಚನ್ನಪಟ್ಟಣ, ಕನಕಪುರ, ಮಾಗಡಿಯ ಶಾಲೆಗಳಲ್ಲಿ ವಾಲಿಬಾಲ್ ಆಡ್ತಿರೋ ಹೆಣ್ಣುಮಕ್ಕಳೇ, ಕೇಳಿ. ಅನಿತಾ ಶುರು ಮಾಡಿದ್ದೂ ಓಟ, ವಾಲಿಬಾಲ್‌ನಿಂದಲೇ. ನೀವೂ ಬ್ಯಾಸ್ಕೆಟ್‌ಬಾಲ್‌ಗೆ ಬರಬಹುದು. ರಿಂಗ್ ನೆಲದಿಂದ 3.05 ಮೀಟರ್ ಎತ್ತರದಲ್ಲಿರಬೇಕು. ನಿಮ್ಮ ಪಿ.ಟಿ. ಮೇಷ್ಟ್ರನ್ನು ನಾಳೆಯೇ ಕೇಳಿ, ರಿಂಗ್ ಹಾಕೋಕೆ ಒಂದು ಕಂಬ ನೆಡಿಸಿಕೊಳ್ಳಿ.