ಡ್ರೌ ಕುಲದ ಪುರಾಣ: ಜನ್ಮವೂ ಶೀಲವೂ

ಪುರಾಣಗಳೆಲ್ಲ ಪ್ರಾಚೀನ ಕಾಲದಲ್ಲಿಯೇ ಹುಟ್ಟಿ ಮುಗಿದುವೆಂದೂ, ಈಚಿನವರ ಪಾಲಿಗೆ ಅವುಗಳ ವ್ಯಾಖ್ಯಾನವಷ್ಟೇ ಉಳಿದಿದೆಯೆಂದೂ ಭಾವಿಸುವುದು ವಾಡಿಕೆ. ಆದರೆ ಸುಮಾರು ಐವತ್ತು ವರ್ಷಗಳ ಅವಧಿಯಲ್ಲಿ ಹುಟ್ಟಿ, ಬೆಳೆದು, ಕವಲೊಡೆದು, ಕೊನೆಗೆ ತನ್ನನ್ನು ತಾನೇ ತಿದ್ದಿಕೊಳ್ಳಲು ಹೊರಟ ಪುರಾಣವೊಂದು ನಮ್ಮ ಕಾಲದಲ್ಲಿಯೇ ಉಂಟು. ಅದರ ಜನ್ಮಸ್ಥಾನ ದೇವಾಲಯವಲ್ಲ, ರಾಜಾಸ್ಥಾನವೂ ಅಲ್ಲ. ಅಮೆರಿಕದ ಆಟಗಾರರ ಮೇಜು. ಅದರ ವಸ್ತು, ಭೂಮಿಯ ಕೆಳಗಣ ಕತ್ತಲೆಯಲ್ಲಿ ವಾಸಿಸುವ 'ಡ್ರೌ' ಎಂಬ ಕುಲ. ಈ ಕುಲದ ಕಥೆ ಹೇಗೆ ರೂಪುಗೊಂಡಿತು, ಹುಟ್ಟಿನಿಂದಲೇ ದುಷ್ಟವಾದ ಜನಾಂಗವೆಂಬ ಕಲ್ಪನೆ ಅದರಲ್ಲಿ ಏಕೆ ನಿಲ್ಲಲಾರದೆ ಹೋಯಿತು ಎಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಆಟದ ಸ್ವರೂಪವನ್ನು ಹೇಳಬೇಕು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ರಚಿಸಿದ 'ಡಂಜನ್ಸ್ ಅಂಡ್ ಡ್ರಾಗನ್ಸ್' ೧೯೭೪ರಲ್ಲಿ ಪ್ರಕಟವಾಯಿತು. ಇದರಲ್ಲಿ ಒಬ್ಬನು ಸೂತ್ರಧಾರ. ಉಳಿದವರು ತಲೆಗೊಂದು ಪಾತ್ರವನ್ನು ಧರಿಸಿ, ಸೂತ್ರಧಾರನು ವರ್ಣಿಸುವ ಕಲ್ಪಿತ ಲೋಕದಲ್ಲಿ ಸಂಚರಿಸುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ಆಟಗಾರನು ತನ್ನ ಪಾತ್ರ ಏನು ಮಾಡುವುದೆಂದು ತಾನೇ ನಿರ್ಧರಿಸುತ್ತಾನೆ; ಫಲವನ್ನು ಬಹುಮಟ್ಟಿಗೆ ದಾಳವು ನಿರ್ಣಯಿಸುತ್ತದೆ. ಪ್ರತಿಯೊಂದು ಜೀವಿಗೂ ಒಂದು ಶೀಲವನ್ನು ಗೊತ್ತುಮಾಡಿರುವುದು ಈ ಆಟದ ವೈಶಿಷ್ಟ್ಯ. ಮೊದಲಿಗೆ ವ್ಯವಸ್ಥೆ, ತಾಟಸ್ಥ್ಯ, ಅವ್ಯವಸ್ಥೆ ಎಂಬ ಮೂರೇ ಭೇದಗಳಿದ್ದುವು. ಮುಂದೆ ಇವಕ್ಕೆ ಒಳಿತು ಕೆಡುಕುಗಳ ಭೇದ ಕೂಡಿ ಒಂಬತ್ತಾದುವು. ಜೀವಿಗಳ ಕೋಶದಲ್ಲಿ ಎತ್ತರವನ್ನೂ ಬಲವನ್ನೂ ನಮೂದಿಸುವಂತೆಯೇ ಶೀಲವನ್ನೂ ನಮೂದಿಸಿದರು. ಆಟಕ್ಕೆ ಇದರಿಂದ ಒಂದು ಸೌಕರ್ಯವಾಯಿತು: ಎದುರಾಳಿಯು ಸ್ವಭಾವತಃ ದುಷ್ಟನೆಂದು ಗೊತ್ತಾದ ಮೇಲೆ ಅವನನ್ನು ಕೊಲ್ಲುವಲ್ಲಿ ಸಂಕೋಚಕ್ಕೆ ಎಡೆಯಿಲ್ಲ.

ಇನ್ನು ಡ್ರೌಗಳ ಪೂರ್ವೇತಿಹಾಸ. ಇವರು 'ಎಲ್ಫ್' ಎಂಬ ದಿವ್ಯಜಾತಿಯ ಒಂದು ಶಾಖೆ. ನಮ್ಮ ಯಕ್ಷ ಗಂಧರ್ವರ ಕಲ್ಪನೆ ಅದಕ್ಕೆ ಸಮೀಪವಾದರೂ ಸಮವಲ್ಲ. ಆದುದರಿಂದ ಮೂಲದ ಹೆಸರನ್ನೇ ಇಲ್ಲಿ ಬಳಸಿದೆ. ಐಸ್‌ಲೆಂಡಿನ ಸ್ನೊರಿ ಸ್ಟುರ್ಲುಸನ್ ಕ್ರಿ.ಶ. ೧೨೨೦ರ ಸುಮಾರಿಗೆ ಬರೆದ ಗದ್ಯ 'ಎಡ್ಡಾ'ದಲ್ಲಿ ಬೆಳಕಿನ ಎಲ್ಫ್‌ಗಳೆಂದೂ ಕತ್ತಲೆಯ ಎಲ್ಫ್‌ಗಳೆಂದೂ ಎರಡು ಪಂಗಡಗಳಿವೆ. ಮೊದಲಿನವರು ಸೂರ್ಯನಿಗಿಂತ ಸುಂದರರು. ಎರಡನೆಯವರು ಡಾಂಬರಿಗಿಂತ ಕಪ್ಪು, ನೆಲದ ಕೆಳಗೆ ಅವರ ವಾಸ. ಇಬ್ಬರೂ ರೂಪದಲ್ಲಿ ಭಿನ್ನರು, ನಡತೆಯಲ್ಲಿ ಇನ್ನೂ ಭಿನ್ನರು ಎಂಬ ಅಭಿಪ್ರಾಯವನ್ನು ಆತ ಸೂಚಿಸುತ್ತಾನೆ. ಆದರೆ ಕತ್ತಲೆಯವರು ಮಾಡಿದ ಕ್ರೌರ್ಯದ ಕಥೆಯೊಂದನ್ನೂ ಹೇಳುವುದಿಲ್ಲ. ಅಷ್ಟೇ ಅಲ್ಲ, ಅದೇ ಗ್ರಂಥದ ಬೇರೊಂದು ಭಾಗದಲ್ಲಿ ಬರುವ 'ಕಪ್ಪು ಎಲ್ಫ್'ಗಳು ಅಪೂರ್ವ ಕಮ್ಮಾರರು. ಓಡಿನ್ ದೇವನ ಈಟಿ ಅವರ ಕೈಯದೇ. ಬೆಳಕು ಕತ್ತಲೆಗಳ ಈ ವಿಭಾಗದಲ್ಲಿ ಕ್ರೈಸ್ತರ ದೇವದೂತ-ಪಿಶಾಚ ಕಲ್ಪನೆಯ ನೆರಳನ್ನು ಶಂಕಿಸಿದ ವಿದ್ವಾಂಸರಿದ್ದಾರೆ.

'ಡ್ರೌ' ಎಂಬ ಹೆಸರು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ಮತ್ತು ಶೆಟ್ಲಂಡ್ ದ್ವೀಪಗಳ ಆಡುನುಡಿಯದು. ಅಲ್ಲಿಯ 'ಟ್ರೌ' ಎಂಬುದರ ರೂಪಾಂತರ. ದಿಬ್ಬಗಳ ಒಳಗೆ ವಾಸಿಸುವ, ಪಿಟೀಲಿನ ನಾದಕ್ಕೆ ಮರುಳಾಗುವ ಕುಳ್ಳಜೀವಿಗಳು ಅವರು. ಭಯಕ್ಕಿಂತ ಕಾಟಕ್ಕೆ ಹೆಸರಾದವರು. ಟೋಲ್ಕಿನ್ನರ ಮರಣಾನಂತರ ೧೯೭೭ರಲ್ಲಿ ಪ್ರಕಟವಾದ 'ಸಿಲ್ಮರಿಲಿಯನ್' ಗ್ರಂಥದಲ್ಲಿಯೂ ಕತ್ತಲೆಯ ಎಲ್ಫ್‌ಗಳುಂಟು. ದೇವಭೂಮಿಯ ಎರಡು ವೃಕ್ಷಗಳ ಬೆಳಕನ್ನು ಕಾಣದೆ ಉಳಿದವರೆಂಬುದೇ ಅಲ್ಲಿ ಆ ಮಾತಿನ ಅರ್ಥ. ಕತ್ತಲೆ ಅಲ್ಲಿ ದರ್ಶನದ ಕೊರತೆ, ಪಾಪವಲ್ಲ. ಹೀಗೆ ನೋಡಿದರೆ, ಕಪ್ಪು ಮೈಯ, ಭೂಗರ್ಭವಾಸಿಯಾದ, ಜನ್ಮತಃ ದುಷ್ಟವಾದ ಎಲ್ಫ್ ಜನಾಂಗವೆಂಬುದು ಪ್ರಾಚೀನರಿಂದ ಬಂದ ಸ್ವತ್ತಲ್ಲ. ಬಿಡಿಬಿಡಿಯಾಗಿದ್ದ ಎಳೆಗಳನ್ನು ಹೊಸೆದು ಆಟಕ್ಕಾಗಿ ಮಾಡಿಕೊಂಡ ಹೊಸ ಹುರಿ ಅದು.

ಹುರಿ ಹೊಸೆದವರು ಗೈಗ್ಯಾಕ್ಸ್. ೧೯೭೭ರ ಜೀವಿಕೋಶದಲ್ಲಿ ಡ್ರೌಗಳು ಕೇವಲ ವದಂತಿಯಾಗಿ ಸುಳಿಯುತ್ತಾರೆ. ೧೯೭೮ರಲ್ಲಿ ಪ್ರಕಟವಾದ ಸಾಹಸಮಾಲೆಯಲ್ಲಿ ದೈತ್ಯರ ದಾಳಿಗಳ ಜಾಡು ಹಿಡಿದು ಹೋದ ಆಟಗಾರರಿಗೆ, ದೈತ್ಯರ ಹಿಂದೆ ನಿಂತು ಆಡಿಸುತ್ತಿರುವ ಡ್ರೌ ಅರ್ಚಕಿ ಎಕ್ಲಾವ್‌ಡ್ರಾ ಎದುರಾಗುತ್ತಾಳೆ. ಅಲ್ಲಿಂದ ನೆಲದಾಳಕ್ಕೆ ಇಳಿದವರಿಗೆ ಎರೆಲ್ಹೇ-ಸಿನ್ಲು ಎಂಬ ನಗರ ಗೋಚರಿಸುತ್ತದೆ. ಅದರ ಅಧಿದೇವತೆ ಲೋಲ್ತ್, ಜೇಡಗಳ ರಾಣಿ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಈ ಮೊದಲ ಚಿತ್ರದಲ್ಲಿಯೇ ಒಂದು ಬಿರುಕಿದೆ. ಎಕ್ಲಾವ್‌ಡ್ರಾಳ ಮನೆತನ ಲೋಲ್ತ್‌ಳನ್ನು ಬಿಟ್ಟು ಬೇರೊಂದು ದೈವಕ್ಕೆ ಒಲಿದಿದೆ. ನಗರದ ಬೀದಿಗಳಲ್ಲಿ ತಮ್ಮ ಸಮಾಜವನ್ನೇ ದ್ವೇಷಿಸುವ ತರುಣರ ತಂಡಗಳಿವೆ. ಇಡೀ ಕುಲಕ್ಕೆ ಒಂದೇ ಶೀಲವೆಂದು ಬರೆದ ಲೇಖನಿಯೇ ನಗರವನ್ನು ಚಿತ್ರಿಸಲು ಹೊರಟಾಗ ಪಕ್ಷಭೇದವನ್ನೂ ಅತೃಪ್ತಿಯನ್ನೂ ಬರೆಯಬೇಕಾಯಿತು. ಜನರ ನಗರವೊಂದನ್ನು ಕಟ್ಟುವುದೆಂದರೆ ಭಿನ್ನಾಭಿಪ್ರಾಯಕ್ಕೆ ಜಾಗ ಬಿಡುವುದೇ ಸರಿ. ೧೯೮೫ರ ವೇಳೆಗೆ ಆಟಗಾರರು ಸ್ವತಃ ಡ್ರೌ ಪಾತ್ರವನ್ನು ಧರಿಸಲು ನಿಯಮಗಳೇ ಅನುಮತಿ ಕೊಟ್ಟುವು. ಎದುರಾಳಿಯ ಮುಖವಾಡವನ್ನು ತಾನೇ ತೊಟ್ಟು 'ನಾನು' ಎಂದು ಮಾತನಾಡತೊಡಗಿದವನಿಗೆ, ನಾನು ಹೀಗೇಕೆ ಇದ್ದೇನೆ ಎಂಬ ಪ್ರಶ್ನೆ ಏಳದಿರುವುದು ಅಸಾಧ್ಯ.

ಈ ಪ್ರಶ್ನೆಗೆ ವಿಸ್ತಾರವಾದ ಉತ್ತರ ಸಿಕ್ಕಿದ್ದು ಕಾದಂಬರಿಗಳಲ್ಲಿ. ಕೆನಡಾದ ಎಡ್ ಗ್ರೀನ್‌ವುಡ್ ಕಲ್ಪಿಸಿದ 'ಫರ್ಗಾಟನ್ ರೆಲ್ಮ್ಸ್' ಎಂಬ ಲೋಕ ೧೯೮೭ರಿಂದ ಈ ಆಟದ ಒಂದು ಮುಖ್ಯ ರಂಗಭೂಮಿಯಾಯಿತು. ಅದೇ ಲೋಕವನ್ನಾಧರಿಸಿ ಆರ್. ಎ. ಸಾಲ್ವಟೋರ್ ಬರೆದ ೧೯೮೮ರ ಕಾದಂಬರಿಯಲ್ಲಿ ಡ್ರಿಝ್ಟ್ ಡೊ'ಉರ್ಡೆನ್ ಎಂಬ ಡ್ರೌ ಯೋಧ ಮೊದಲು ಕಾಣಿಸಿಕೊಂಡ. ಅವನ ಪೂರ್ವಕಥೆಯನ್ನು ಹೇಳುವ 'ಹೋಮ್‌ಲ್ಯಾಂಡ್' ೧೯೯೦ರಲ್ಲಿ ಬಂದಿತು. ಡ್ರೌ ಸಮಾಜದ ಅತ್ಯಂತ ವಿವರವಾದ ಚಿತ್ರಗಳಲ್ಲಿ ಇದೊಂದು.

ಕಥೆ ನಡೆಯುವ ಭೂಗರ್ಭನಗರ ಮೆಂಝೋಬೆರಾನ್ಝನ್. ಅಲ್ಲಿ ಆಳುವವರು ಸ್ತ್ರೀಯರು. ಪ್ರತಿ ಮನೆತನಕ್ಕೂ ಒಬ್ಬ ಮಾತೃಪ್ರಭು, ಅವಳ ಹೆಣ್ಣುಮಕ್ಕಳು ಲೋಲ್ತ್‌ಳ ಅರ್ಚಕಿಯರು. ಮನೆತನಗಳಿಗೆ ಕ್ರಮಾಂಕವಿದೆ, ಮೇಲೇರುವ ದಾರಿಯೆಂದರೆ ಮೇಲಿನ ಮನೆತನವನ್ನು ನಾಶಗೊಳಿಸುವುದು. ಇದಕ್ಕೊಂದು ವಿಚಿತ್ರ ನ್ಯಾಯವೂ ಉಂಟು. ದಾಳಿಗೊಳಗಾದ ಕುಲೀನರಲ್ಲಿ ಒಬ್ಬನಾದರೂ ಬದುಕುಳಿದು ದೂರು ಕೊಟ್ಟರೆ, ದಾಳಿ ಮಾಡಿದವರಿಗೆ ಸರ್ವನಾಶದ ಶಿಕ್ಷೆ. ಯಾರೂ ಉಳಿಯದಿದ್ದರೆ ಅಪರಾಧವೇ ನಡೆಯಲಿಲ್ಲ. ಅಂದರೆ ಅಲ್ಲಿ ಶಿಕ್ಷಾರ್ಹವಾದುದು ಕೊಲೆಯಲ್ಲ, ಅರ್ಧಕ್ಕೆ ನಿಂತ ಕೊಲೆ. ಡ್ರಿಝ್ಟ್ ಹುಟ್ಟಿದ್ದೇ ಇಂಥ ದಾಳಿಯ ರಾತ್ರಿ. ಮೂರನೆಯ ಗಂಡುಮಗುವನ್ನು ದೇವಿಗೆ ಬಲಿಕೊಡುವುದು ಪದ್ಧತಿ. ಆದರೆ ಅದೇ ರಾತ್ರಿ ಎರಡನೆಯ ಮಗನು ಹಿರಿಯವನನ್ನು ಇರಿದು ಕೊಂದುದರಿಂದ, ಹಸುಳೆ ಮೂರನೆಯದಾಗದೆ ಎರಡನೆಯದಾಗಿ ಬದುಕಿಕೊಂಡಿತು. ಒಬ್ಬನ ಪ್ರಾಣ ಉಳಿದುದು ಯಾರ ಕರುಣೆಯಿಂದಲೂ ಅಲ್ಲ, ಇನ್ನೊಬ್ಬನ ದ್ರೋಹದ ಆಕಸ್ಮಿಕ ಫಲವಾಗಿ.

ಈ ನಗರದಲ್ಲಿ ಒಂದು ವಿದ್ಯಾಲಯವಿದೆ. ಅರ್ಚಕಿಯರಿಗೆ, ಮಾಂತ್ರಿಕರಿಗೆ, ಯೋಧರಿಗೆ ಅದರಲ್ಲಿ ಪ್ರತ್ಯೇಕ ಶಾಖೆಗಳು. ಮೇಲ್ನೆಲದ ಎಲ್ಫ್‌ಗಳೇ ಹಿಂದೆ ನಮ್ಮನ್ನು ವಂಚಿಸಿ ಕತ್ತಲೆಗೆ ತಳ್ಳಿದವರು, ಅವರೇ ನಮ್ಮ ಸಕಲ ದುಃಖಗಳಿಗೂ ಮೂಲ ಎಂದು ವರ್ಷಾನುಗಟ್ಟಲೆ ಪಾಠ ಹೇಳಲಾಗುತ್ತದೆ. ಡ್ರೌ ಪುರಾಣದ ಮರ್ಮ ಇಲ್ಲಿದೆಯೆಂದು ನನ್ನ ಅಭಿಪ್ರಾಯ. ಕ್ರೌರ್ಯ ಆ ಕುಲದ ರಕ್ತದಲ್ಲಿಯೇ ಇರುವುದಾದರೆ ಅದನ್ನು ಕಲಿಸಲು ಶಾಲೆ ಏಕೆ ಬೇಕು? ಮೀನಿಗೆ ಈಜು ಕಲಿಸುವವರುಂಟೆ? ದ್ವೇಷಕ್ಕೆ ಪಠ್ಯಕ್ರಮ ಬೇಕಾಗುವುದು, ಅನುಕಂಪಕ್ಕೆ ಚಾವಟಿಯ ಏಟು ಬೇಕಾಗುವುದು, ಮಗುವಿನಲ್ಲಿ ಅದಕ್ಕೆ ಪ್ರತಿಯಾದ ಪ್ರವೃತ್ತಿ ಇರುವುದರಿಂದಲೇ. ಕೋಶದಲ್ಲಿ 'ದುಷ್ಟ' ಎಂದು ಬರೆದ ಒಂದು ಶಬ್ದವನ್ನು ಕಾದಂಬರಿಯ ವಿದ್ಯಾಲಯ ತನಗರಿವಿಲ್ಲದೆಯೇ ಸುಳ್ಳುಮಾಡುತ್ತದೆ.

ಈ ಸಮಾಜದೊಳಗೆ ಬದುಕುವ ಮೂರು ದಾರಿಗಳನ್ನು ಕಥೆ ತೋರಿಸುತ್ತದೆ. ಡ್ರಿಝ್ಟನ ತಂದೆಯೂ ಶಸ್ತ್ರಗುರುವೂ ಆದ ಝಾಕ್ನಫೈನ್ ಸುತ್ತಲಿನ ಅನ್ಯಾಯವನ್ನು ಬಲ್ಲವನು, ಹೇಸುವವನು. ಆದರೂ ಅದರ ಪರವಾಗಿಯೇ ಖಡ್ಗ ಹಿಡಿಯುತ್ತಾನೆ. ಅರ್ಚಕಿಯರನ್ನು ಕೊಲ್ಲುವ ಅವಕಾಶ ಸಿಕ್ಕಿದಾಗ ಪಡುವ ತೃಪ್ತಿಯೇ ಅವನ ಪ್ರತಿಭಟನೆ. ಕೂಲಿಪಡೆಯ ನಾಯಕ ಜಾರ್ಲಾಕ್ಸಲ್ ಮನೆತನ ಕಳೆದುಕೊಂಡ ಗಂಡಸರನ್ನು ಕೂಡಿಸಿಕೊಂಡು, ಎಲ್ಲರಿಗೂ ಬೇಕಾದವನಾಗಿ, ಯಾರಿಗೂ ಸೇರದವನಾಗಿ ಬಾಳುತ್ತಾನೆ. ಮೂರನೆಯದು ಡ್ರಿಝ್ಟನ ದಾರಿ, ಬಿಟ್ಟುಹೋಗುವುದು. ಮೇಲ್ನೆಲದ ಎಲ್ಫ್‌ಗಳ ಮೇಲೆ ನಡೆದ ದಾಳಿಯಲ್ಲಿ ಅವನು ಒಂದು ಹೆಣ್ಣುಮಗುವನ್ನು ಅದರ ತಾಯಿಯ ಶವದ ಕೆಳಗೆ ಅಡಗಿಸಿ ಉಳಿಸುತ್ತಾನೆ. ಈ ದಯೆ ಬಯಲಾದಾಗ ದೇವಿಯ ಕೋಪಕ್ಕೆ ಬಲಿ ಬೇಕಾಗುತ್ತದೆ. ಮಗನ ಬದಲು ತಂದೆ ತನ್ನನ್ನು ಒಪ್ಪಿಸಿಕೊಳ್ಳುತ್ತಾನೆ. ಜೀವಮಾನವೆಲ್ಲ ರಾಜಿಯಲ್ಲಿ ಕಳೆದವನ ಒಂದೇ ಒಂದು ರಾಜಿಯಿಲ್ಲದ ಕೃತ್ಯ ಅದು.

ಕಥೆ ಇಷ್ಟಕ್ಕೆ ನಿಂತಿದ್ದರೆ ಸದ್ಗುಣಕ್ಕೆ ಜಯವೆಂಬ ಸುಲಭ ನೀತಿಯಾಗುತ್ತಿತ್ತು. ಆದರೆ ಆ ಮಗು, ಎಲ್ಲಿಫೈನ್, ತನ್ನನ್ನು ಉಳಿಸಿದವನನ್ನು ಅರಿಯದೆ, ತನ್ನವರನ್ನು ಕೊಂದ ಡ್ರೌವೆಂದೇ ಅವನನ್ನು ನೆನೆದು ಬೆಳೆಯುತ್ತಾಳೆ. ದ್ವೇಷ ಅವಳ ಬಾಳನ್ನು ತಿಂದುಹಾಕುತ್ತದೆ. ೨೦೦೧ರ ಕಾದಂಬರಿಯೊಂದರಲ್ಲಿ ಮಾರುವೇಷದಿಂದ ಹೋರಾಡಲು ಬಂದ ಅವಳು, ಅವಳಾರೆಂಬುದನ್ನರಿಯದ ಡ್ರಿಝ್ಟನ ಕೈಯಿಂದಲೇ ಸಾಯುತ್ತಾಳೆ. ಅವಳ ದ್ವೇಷಕ್ಕೆ ಕಾರಣವಿಲ್ಲವೆನ್ನಲಾಗದು. ಅದರ ಗುರಿ ಮಾತ್ರ ತಪ್ಪು. ಕುಲವನ್ನು ಕಂಡು ವ್ಯಕ್ತಿಯನ್ನು ಕಾಣದಿರುವ ದೋಷ ಡ್ರೌಗಳಿಗೆ ಮಾತ್ರ ಮೀಸಲಲ್ಲವೆಂಬುದು ಇದರಿಂದ ವಿಶದವಾಗುತ್ತದೆ. ಮೇಲ್ನೆಲಕ್ಕೆ ಬಂದ ಡ್ರಿಝ್ಟನನ್ನು ಮೊದಲು ಮಿತ್ರನನ್ನಾಗಿ ಅಂಗೀಕರಿಸಿ ಆಶ್ರಯ ಕೊಟ್ಟ ವೃದ್ಧ ಮೊಂಟೋಲಿಯೊ ಕುರುಡನೆಂಬುದೂ ಅರ್ಥವತ್ತಾಗಿದೆ.

ಆದರೂ ಒಂದು ತೊಡಕು ಉಳಿಯುತ್ತದೆ. 'ನೀನು ನಿನ್ನವರಂತಲ್ಲ' ಎಂಬುದು ಡ್ರಿಝ್ಟನಿಗೆ ದೊರೆಯುವ ಅತಿ ದೊಡ್ಡ ಪ್ರಶಂಸೆ. ಒಬ್ಬನನ್ನು ಹೀಗೆ ಎತ್ತಿದಾಗ ಉಳಿದವರ ಮೇಲಿನ ತೀರ್ಪು ಇನ್ನಷ್ಟು ಗಟ್ಟಿಯಾಗುತ್ತದೆ. ಅಪವಾದವು ನಿಯಮವನ್ನು ಮುರಿಯುವುದಿಲ್ಲ, ಕಾಯುತ್ತದೆ. ಈ ಲೋಕದ ಇತಿಹಾಸವಾದರೋ ತೊಡಕನ್ನು ಇನ್ನೂ ಬಿಗಿಯುತ್ತದೆ. ಅದರಂತೆ ಡ್ರೌಗಳು ಮೂಲತಃ ಇಲಿಥೀರ್ ರಾಜ್ಯದ ಶ್ಯಾಮವರ್ಣದ ಎಲ್ಫ್‌ಗಳು. ಘೋರ ಯುದ್ಧಗಳಲ್ಲಿ ಮಾಡಿದ ಅತ್ಯಾಚಾರಗಳಿಗಾಗಿ ಎಲ್ಫ್‌ಗಳ ದೇವಾಧಿದೇವ ಕೊರೆಲ್ಲನ್‌ನ ಶಾಪದಿಂದ ರೂಪಾಂತರ ಹೊಂದಿ ಪಾತಾಳ ಸೇರಿದವರು. ಪೂರ್ವಜರ ಪಾಪ ಇನ್ನೂ ಹುಟ್ಟದ ಮಕ್ಕಳ ಮೈಬಣ್ಣವಾಗಬೇಕೆಂಬುದು ಯಾವ ನ್ಯಾಯ? ಪುರಾಣ ಇದಕ್ಕೆ ನೇರವಾಗಿ ಉತ್ತರಿಸುವುದಿಲ್ಲ. ಒಂದು ದೇವತೆಯ ಮೂಲಕ ಉತ್ತರಿಸುತ್ತದೆ. ಗ್ರೀನ್‌ವುಡ್ಡರ ೧೯೯೧ರ ಗ್ರಂಥದಲ್ಲಿ ಮೊದಲು ಕಾಣಿಸಿಕೊಂಡ ಎಲಿಸ್ಟ್ರೇ ನೃತ್ಯ, ಗಾನ, ಬೆಳದಿಂಗಳುಗಳ ದೇವಿ, ಕೊರೆಲ್ಲನ್‌ನ ಮಗಳು. ಕತ್ತಲೆಗೆ ಬೀಳುವವರಿಗೆ ಮುಂದೊಂದು ದಿನ ಒಬ್ಬ ದೇವತೆ ಬೇಕಾದೀತೆಂದು ಆಕೆ ತಾನಾಗಿಯೇ ದೇಶಭ್ರಷ್ಟತೆಯನ್ನು ಕೇಳಿ ಪಡೆದಳೆಂಬುದು ಮುಂದೆ ಬೆಳೆದ ಕಥೆ. ಶಾಪ ಕೊಟ್ಟವನ ಮಗಳೇ ಶಪ್ತರ ಜೊತೆಗೆ ಹೊರಟಳೆಂಬಲ್ಲಿ ಶಾಪದ ಅನ್ಯಾಯವನ್ನು ಪುರಾಣವೇ ಒಪ್ಪಿಕೊಂಡಂತಾಯಿತು.

ಹೊರಗಿನ ಲೋಕದಲ್ಲಿಯೂ ಆಕ್ಷೇಪಣೆಗಳು ಎದ್ದುವು. ಕರಿಯರನ್ನು ಗುಲಾಮರನ್ನಾಗಿಸಿದ ಇತಿಹಾಸವುಳ್ಳ ದೇಶದಲ್ಲಿ ಕಪ್ಪುಬಣ್ಣವನ್ನು ಪಾಪದ ಗುರುತಾಗಿ ಕಲ್ಪಿಸುವುದು ನಿರುಪದ್ರವಿಯಾದ ಆಟವಲ್ಲವೆಂದೂ, ಸ್ತ್ರೀಪ್ರಭುತ್ವವನ್ನು ದುಃಸ್ವಪ್ನವಾಗಿಯೇ ಚಿತ್ರಿಸಿದುದರ ಹಿಂದೆ ಪುರುಷನ ಭಯವಿದೆಯೆಂದೂ ಹೇಳಿದವರಿದ್ದಾರೆ. ಈ ಮಾತುಗಳನ್ನು ತಳ್ಳಿಹಾಕುವಂತಿಲ್ಲ. ೨೦೨೦ರ ಜೂನ್ ತಿಂಗಳಲ್ಲಿ ಪ್ರಕಾಶಕರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆಯವರು, ಡ್ರೌ ಮೊದಲಾದ ಕುಲಗಳನ್ನು ಇನ್ನು ಮುಂದೆ ಇತರರಷ್ಟೇ ನೈತಿಕ ವೈವಿಧ್ಯವುಳ್ಳವರನ್ನಾಗಿ ಚಿತ್ರಿಸುವುದಾಗಿ ಸಾರಿದರು. ೨೦೨೧ರಲ್ಲಿ, ಲೋಲ್ತ್‌ಳ ಆಳಿಕೆಗೆ ಎಂದೂ ಒಳಗಾಗದ ಎರಡು ಡ್ರೌ ಸಮಾಜಗಳನ್ನು, ಹಿಮಪ್ರದೇಶದಲ್ಲಿ ಒಂದನ್ನೂ ಅರಣ್ಯದಲ್ಲಿ ಇನ್ನೊಂದನ್ನೂ, ಕಥೆಗೆ ಸೇರಿಸಲಾಯಿತು. ೨೦೨೪ರ ಆಟಗಾರರ ಕೈಪಿಡಿಯಲ್ಲಿ 'ಜನಾಂಗ' ಎಂಬ ಪರಿಭಾಷೆಯನ್ನೇ ಕೈಬಿಟ್ಟರು.

ಇದರಿಂದ ದೊಡ್ಡದೊಂದು ಅನ್ಯಾಯ ನಿವಾರಣೆಯಾಯಿತೆಂಬುದು ನಿರ್ವಿವಾದ. ಕನ್ನಡ ವಾಚಕರಿಗೆ ಇಂಥ ತಿದ್ದುಪಡಿ ಅಪರಿಚಿತವೂ ಅಲ್ಲ. ನಾಗಚಂದ್ರನ ರಾಮಕಥೆಯಲ್ಲಿ ರಾವಣನು ರಾಕ್ಷಸಯೋನಿಯವನಾಗಿರದೆ, ಜೈನ ಸಂಪ್ರದಾಯಕ್ಕನುಗುಣವಾಗಿ ವಿದ್ಯಾಧರ ವಂಶದವನಾಗಿದ್ದಾನೆ. ಅವನ ಪತನಕ್ಕೆ ಕಾರಣ ಅವನ ಕರ್ಮವೇ ಹೊರತು ಜಾತಿಯಲ್ಲ. ಆದರೆ ಡ್ರೌಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ. ಒಳ್ಳೆಯ ಡ್ರೌಗಳು ದೂರದ ಹಿಮದಲ್ಲಿಯೂ ಕಾಡಿನಲ್ಲಿಯೂ ಇದ್ದಾರೆಂದು ಸೇರಿಸಿದ ಮಾತ್ರಕ್ಕೆ ಮೆಂಝೋಬೆರಾನ್ಝನ್ನಿನ ಪ್ರಶ್ನೆ ಬಗೆಹರಿಯುವುದಿಲ್ಲ. ಕೆಡುಕನ್ನು ರಕ್ತದಿಂದ ತೆಗೆದು ಭೂಪಟದ ಒಂದು ಚುಕ್ಕೆಗೆ ಅಂಟಿಸಿದರೆ, ಆ ಚುಕ್ಕೆಯಲ್ಲಿ ಹುಟ್ಟಿದ ಮಗುವಿನ ಗತಿಯೇನು? ಆ ಮಗುವನ್ನು ಕಾಣುವಂತೆ ಮಾಡಿದುದೇ ಈ ಪುರಾಣದ ನಿಜವಾದ ಹಿರಿಮೆ. ಶತ್ರುಕುಲವೊಂದನ್ನು ನಮ್ಮೆದುರು ನಿಲ್ಲಿಸಿ, ಇವರು ಹುಟ್ಟಿನಿಂದಲೇ ಹೀಗೆ ಎಂದು ಯಾರಾದರೂ ಹೇಳಿದಾಗ ಕೇಳಬೇಕಾದ ಪ್ರಶ್ನೆಯನ್ನು ಅದು ಕಲಿಸಿದೆ: ಇವರ ಮಕ್ಕಳಿಗೆ ಪಾಠ ಹೇಳುವವರು ಯಾರು, ಆ ಪಾಠದಿಂದ ಲಾಭ ಯಾರಿಗೆ? ಅದೇ ಪ್ರಶ್ನೆಯನ್ನು ನಮ್ಮ ಮಕ್ಕಳ ವಿಷಯದಲ್ಲಿಯೂ ಕೇಳಿಕೊಳ್ಳುವವನು ಆಟದ ಪ್ರಯೋಜನವನ್ನು ಪೂರ್ತಿಯಾಗಿ ಪಡೆದನೆನ್ನಬಹುದು.